ರಾಬಿಯಾ ಎಂದರೆ ನಾಲ್ಕನೆಯವಳು

ನೋಂದಣಿ ಕಚೇರಿಯಲ್ಲಿ ಮಗಳ ಹೆಸರು ಬರೆಸುವುದಕ್ಕೆ ಇನ್ನು ಒಂಬತ್ತು ದಿನ ಉಳಿದಿತ್ತು. ಆಸ್ಪತ್ರೆಯವರು ಕೊಟ್ಟ ಚೀಟಿಯಲ್ಲಿ ಅವಳಿನ್ನೂ ಬರೀ ‘ಹೆಣ್ಣು ಮಗು’. ಅತ್ತೆ ಅವಳನ್ನು ಚಿನ್ನಿ ಎನ್ನುತ್ತಿದ್ದರು. ಎರಡು ಗಂಟೆಗೊಮ್ಮೆ ತಪ್ಪದೆ ಅಳುತ್ತಾಳೆಂದು ಇವರು, ಎಂದರೆ ನನ್ನ ಗಂಡ, ಅಲಾರಂ ಎಂದು ಕರೆಯುತ್ತಿದ್ದರು. ನಾನು ಮಾತ್ರ ಕೋಣೆಯಲ್ಲಿ ಯಾರೂ ಇಲ್ಲದಾಗ, ಹಾಲು ಕುಡಿಸುತ್ತ, ಮೆಲ್ಲಗೆ ‘ರಾಬಿಯಾ’ ಎಂದು ಕರೆದು ನೋಡುತ್ತಿದ್ದೆ. ಅವಳು ತಿರುಗಿ ನೋಡುತ್ತಿರಲಿಲ್ಲ. ಹಾಲಿನ ಮುಂದೆ ಅವಳಿಗೆ ಯಾವ ಹೆಸರೂ ಲೆಕ್ಕಕ್ಕಿಲ್ಲ.

ಆ ಹೆಸರು ಆಗಲೇ ಒಬ್ಬರದಾಗಿತ್ತು. ಅವರು ಹೂಂ ಎನ್ನದೆ ಅದನ್ನು ಇಡುವುದಿಲ್ಲ ಎಂದು ನಾನು ಮನಸ್ಸಿನಲ್ಲೇ ನಿಶ್ಚಯಿಸಿಬಿಟ್ಟಿದ್ದೆ. ಅವರು ಹೂಂ ಎನ್ನುತ್ತಾರೆ ಎಂದುಕೊಂಡಿದ್ದೇ ನನ್ನ ತಪ್ಪು.

ಅವರ ಪರಿಚಯ ಮೊದಲು ಹೇಳಬೇಕು. ನಾನು ಕೆಲಸ ಮಾಡುವುದು ಒಂದು ದೊಡ್ಡ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ. ಕಟ್ಟಡದ ಹಿಂದೆ ಇಳಿಜಾರು ಇಳಿದು ಹೋದರೆ ನೆಲಮಾಳಿಗೆ. ಮೊದಲ ಕೋಣೆಯಲ್ಲಿ ಬೀರುವಿನಷ್ಟು ಎತ್ತರದ ಒಗೆಯುವ ಯಂತ್ರಗಳು, ಎರಡನೆಯದರಲ್ಲಿ ಒಣಗಿಸುವವು. ಅದರಾಚೆ ಇಸ್ತ್ರಿಯಣ್ಣನ ರಾಜ್ಯ: ಬಿಸಿ ಉರುಳೆಗಳು, ಹಬೆ, ಜತೆಗೆ ಅವನ ಬಾಯಿ. ಕೊನೆಯ ಕೋಣೆಯಲ್ಲಿ ಬೆಳಕಿನ ಮೇಜು. ಹಾಲುಬಿಳಿ ಗಾಜಿನ ಮೇಜು ಅದು, ಕೆಳಗೆ ಸಾಲಾಗಿ ಟ್ಯೂಬ್‌ಲೈಟುಗಳು. ಆಪರೇಷನ್ ಕೋಣೆಗೆ ಹೋಗುವ ಒಂದೊಂದು ಹಸಿರು ಬಟ್ಟೆಯನ್ನೂ ಆ ಗಾಜಿನ ಮೇಲೆ ಹರಡಿ ನೋಡಬೇಕು. ಸೂಜಿಮೊನೆಯಷ್ಟು ತೂತಿದ್ದರೂ ನಕ್ಷತ್ರದಂತೆ ಹೊಳೆಯುತ್ತದೆ. ಅದಕ್ಕೆ ಗುಂಡು ತೇಪೆ ಇಟ್ಟು ಬಿಸಿ ಅಚ್ಚಿನಿಂದ ಒತ್ತುತ್ತಾರೆ. ತೇಪೆ ಹೆಚ್ಚಾದ ಬಟ್ಟೆ ನೆಲ ಒರೆಸುವುದಕ್ಕೆ ಹೋಗುತ್ತದೆ. ಒಗೆದರೆ ಸಾಲದು, ತೂತಿರಬಾರದು. ಆ ತೂತಿನಿಂದ ಏನು ಒಳಗೆ ಹೋಗುತ್ತದೋ ಯಾರಿಗೆ ಗೊತ್ತು.

ಇಪ್ಪತ್ತೇಳು ವರ್ಷದಿಂದ ಆ ಮೇಜಿನ ಮುಂದೆ ಕೂತಿರುವವರು ದೀಪದಕ್ಕ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ಎಂಬ ಮಾತನ್ನು ನಾವೆಲ್ಲ ಸುಮ್ಮನೆ ಆಡುತ್ತೇವೆ. ಅದನ್ನು ಸಂಬಳಕ್ಕೆ ಮಾಡುವವರನ್ನು ನಾನು ಕಂಡದ್ದು ಅವರೊಬ್ಬರನ್ನೇ. ಗಿಡ್ಡ ಆಕೃತಿ, ದಪ್ಪ ಕನ್ನಡಕ, ಕೂದಲೆಲ್ಲ ನೀಲಿ ಟೋಪಿಯ ಒಳಗೆ. ಬಟ್ಟೆಯ ಮೇಲೆ ಎಡಗೈ ಮುಂದೆ ಹೋಗುತ್ತದೆ, ಕಣ್ಣು ಹಿಂದೆ ಬರುತ್ತದೆ. ಮಾತಾಡುತ್ತಲೇ ನೋಡುತ್ತಾರೆ, ನೋಡುತ್ತಲೇ ಬೈಯುತ್ತಾರೆ.

ಕೆಲಸಕ್ಕೆ ಸೇರಿದ ವಾರದಲ್ಲಿ ನನ್ನನ್ನು ಅವರ ಪಕ್ಕ ಕೂರಿಸಿದರು. ತೂತು ಕಂಡಲ್ಲಿ ಸೀಮೆಸುಣ್ಣದಿಂದ ಗುಂಡು ಸುತ್ತಬೇಕು. ನಾನು ಒಂದೇ ಬಟ್ಟೆಯಲ್ಲಿ ಹದಿನಾಲ್ಕು ಗುಂಡು ಸುತ್ತಿ, ಬಹುಮಾನ ಬರುತ್ತದೇನೋ ಎನ್ನುವ ಹಾಗೆ ಎದೆಯುಬ್ಬಿಸಿ ಕೂತೆ.

“ಶಭಾಷ್, ಜರಡಿ ಆಗಿಹೋಯ್ತು ಬಟ್ಟೆ,” ಎಂದರು ದೀಪದಕ್ಕ. “ಈಗ ಬಟ್ಟೆ ತಿರುಗಿಸು.”

ತಿರುಗಿಸಿದೆ. ನನ್ನ ಸುಣ್ಣದ ಗುಂಡುಗಳು ಆ ಕಡೆ ಹೋದವು. ಹೊಳೆಯುವ ಚುಕ್ಕೆಗಳು ಇದ್ದಲ್ಲೇ ಇದ್ದವು.

“ಬಟ್ಟೆ ಹೋಯ್ತು, ತೂತು ಇಲ್ಲೇ ಕೂತಿದೆ. ಯಾರದು ಹಾಗಾದ್ರೆ ತೂತು?”

ಗಾಜಿನ ಬಿಳಿ ಬಣ್ಣ ಅಲ್ಲಲ್ಲಿ ಎದ್ದುಹೋಗಿತ್ತು. ನಾನು ಮೇಜಿನ ತೂತು ಎಣಿಸಿ ಬಟ್ಟೆಯ ಮೇಲೆ ಹಾಕಿದ್ದೆ. ಇಸ್ತ್ರಿಯಣ್ಣ ಬಾಗಿಲಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕ. ದೀಪದಕ್ಕ ನಗಲಿಲ್ಲ. “ಹೊಸಬರೆಲ್ಲ ಮಾಡೋದೇ ಇದು. ನಾನು ಇಪ್ಪತ್ತೆರಡು ಸುತ್ತಿದ್ದೆ,” ಎಂದರು. ಅವಮಾನವನ್ನು ಹೀಗೆ ಎಂಟು ಹೆಚ್ಚಿಸಿ ತಾವೇ ಹೊತ್ತುಕೊಂಡವರನ್ನು ನಾನು ಆವರೆಗೆ ನೋಡಿರಲಿಲ್ಲ. ಆಮೇಲೆ ನನ್ನನ್ನು ಮಡಿಸುವ ಕೆಲಸಕ್ಕೆ ಹಾಕಿದರು. ಅವರು ನೋಡಿ ಕೊಟ್ಟದ್ದನ್ನು ಪದರಪದರವಾಗಿ ಮಡಿಸಿ, ಕ್ರಿಮಿ ಕೊಲ್ಲುವ ಆವಿ ಪೆಟ್ಟಿಗೆಗೆ ಸೇರಿಸುವುದು. ಹಾಗಾಗಿ ಐದು ವರ್ಷ ಅವರ ಮೊಣಕೈಯ ಪಕ್ಕದಲ್ಲೇ ನನ್ನ ಜಾಗ.

ಒಂದು ಸಲ ಮೇಲಿನಿಂದ ಅವಸರದ ಕರೆ ಬಂತು. ಸೂಪರ್‌ವೈಸರ್ ಓಡಿ ಬಂದು, “ಅಕ್ಕಾ, ನೋಡಿದ್ದು ಸಾಕು, ಹಾಗೇ ಕಳಿಸಿ,” ಎಂದರು.

“ಒಳಗೆ ಮಲಗಿರೋರು ಅವಸರ ಮಾಡ್ತಿದಾರಾ, ನೀವು ಮಾಡ್ತಿದೀರಾ?”

“ಡಾಕ್ಟರು ಮಾಡ್ತಿದಾರೆ.”

“ಅವರಿಗೆ ಹೇಳಿ, ಕೈ ತೊಳ್ಕೊಳ್ಳೋಕೆ ಐದು ನಿಮಿಷ ಬೇಕಲ್ಲ, ಅಷ್ಟರಲ್ಲಿ ನಾನು ಮುಗಿಸ್ತೀನಿ.”

ನಾಲ್ಕೇ ನಿಮಿಷದಲ್ಲಿ ಮುಗಿಸಿದರು. ಒಂದು ಬಟ್ಟೆ ಪಕ್ಕಕ್ಕೆ ಬಿತ್ತು, ಅಂಚಿನ ಹತ್ತಿರ ಎರಡು ನಕ್ಷತ್ರ. ಸೂಪರ್‌ವೈಸರ್ ಉಳಿದವನ್ನು ಎತ್ತಿಕೊಂಡು ಓಡಿದರು. ಮೇಲೆ ಯಾರ ಜೀವ ಉಳಿಯಿತೋ ಯಾರಿಗೆ ಗೊತ್ತು, ಕೆಳಗೆ ಇಂಥವರೊಬ್ಬರು ಇದ್ದಾರೆಂದು ಅವರಿಗೂ ಗೊತ್ತಿಲ್ಲ.

ಅವರ ಹೆಸರು ನನಗೆ ತಿಳಿದದ್ದು ಎರಡನೆಯ ವರ್ಷದಲ್ಲಿ. ನಾವೆಲ್ಲ ಗುರುತಿನ ಚೀಟಿಯನ್ನು ಮುಖ ಕಾಣುವ ಹಾಗೆ ಕೊರಳಿಗೆ ಹಾಕಿಕೊಳ್ಳುತ್ತೇವೆ. ದೀಪದಕ್ಕನದು ಯಾವಾಗಲೂ ಮಗುಚಿಕೊಂಡೇ ಇರುತ್ತಿತ್ತು. ಒಂದು ದಿನ ಅದರ ದಾರ ತಳ್ಳುಗಾಡಿಗೆ ಸಿಕ್ಕಿಕೊಂಡಿತು. ಬಿಡಿಸುವಾಗ ಓದಿದೆ: ರಾಬಿಯಾ.

“ಎಷ್ಟು ಚೆನ್ನಾಗಿದೆ ಅಕ್ಕಾ ಹೆಸರು! ಯಾಕೆ ಬಚ್ಚಿಡ್ತೀರಿ?”

“ಹೆಸರಲ್ಲ ಅದು, ಲೆಕ್ಕ,” ಎಂದು ಚೀಟಿಯನ್ನು ಮತ್ತೆ ಮಗುಚಿದರು.

ನಮ್ಮ ಮನೆಗಳಲ್ಲಿ ಹೆಸರು ಬರುವುದು ಅರಬ್ಬಿ ಭಾಷೆಯಿಂದ, ಮಾತು ಬರುವುದು ಬೀದಿಯಿಂದ. ಅದಕ್ಕೇ ಅರ್ಧ ಜನಕ್ಕೆ ತಮ್ಮ ಹೆಸರಿನ ಅರ್ಥ ಗೊತ್ತಿರುವುದಿಲ್ಲ. ಕಿವಿಗೆ ಇಂಪಾಗಿದ್ದರೆ ಆಯಿತು, ಇಟ್ಟುಬಿಡುತ್ತಾರೆ. ರಾಬಿಯಾ ಎಂಬ ಹೆಸರಿನವರು ನಮ್ಮ ಬೀದಿಯಲ್ಲೇ ಇಬ್ಬರಿದ್ದಾರೆ. ಇಬ್ಬರೂ ಮನೆಗೆ ಮೊದಲನೆಯವರು, ಅವರನ್ನು ಯಾರೂ ಏನೂ ಕೇಳಿಲ್ಲ. ಆದರೆ ದೀಪದಕ್ಕನಿಗೆ ಅರ್ಥ ಗೊತ್ತಿತ್ತು. ರಾಬಿಯಾ ಎಂದರೆ ನಾಲ್ಕನೆಯವಳು.

ಅವರಪ್ಪ ಬಡಗಿ. ಮೊದಲ ಮಗಳು ಹುಟ್ಟಿದಾಗ ಚಂದ್ರ ಎಂದು ಅರ್ಥ ಬರುವ ಹೆಸರಿಟ್ಟರಂತೆ. ಎರಡನೆಯವಳಿಗೆ ಹೂವಿನದು. ಮೂರನೆಯವಳಿಗೆ ಉಡುಗೊರೆ ಎಂದು ಬರುವಂಥದ್ದು. ನಾಲ್ಕನೆಯದು ಹುಟ್ಟಿದ ದಿನ ಅಪ್ಪ ಕೆಲಸದಿಂದ ಬಂದು, ಕಿವಿಯ ಮೇಲಿನ ಪೆನ್ಸಿಲನ್ನೂ ತೆಗೆಯದೆ ಬಾಗಿಲಲ್ಲೇ ನಿಂತು ಏನಾಯಿತೆಂದು ಕೇಳಿದರು. ಸೂಲಗಿತ್ತಿ, “ನಾಲ್ಕನೇದೂ ಹೆಣ್ಣು,” ಎಂದಳು. “ಹಾಗೇ ಕರೀರಿ,” ಎಂದು ಅಪ್ಪ ಕೈ ತೊಳೆಯಲು ಹೋದರು. ಅರಬ್ಬಿಯಲ್ಲಿ ಅದು ನಿಜಕ್ಕೂ ಹೆಸರೇ ಆದ್ದರಿಂದ ಯಾರಿಗೂ ಏನೂ ಅನ್ನಿಸಲಿಲ್ಲ. ಐದನೆಯದು ಗಂಡಾಯಿತು, ಅವನಿಗೆ ಸಿಂಹ ಎಂದು ಅರ್ಥ ಬರುವ ಹೆಸರು.

“ನನಗೆ ಒಂಬತ್ತು ವರ್ಷ,” ಎಂದರು ದೀಪದಕ್ಕ. “ಮೇಷ್ಟ್ರು ಒಬ್ಬೊಬ್ಬರದೇ ಹೆಸರಿನ ಅರ್ಥ ಹೇಳ್ತಾ ಬಂದ್ರು. ಒಬ್ಬಳು ಬೆಳಕು, ಒಬ್ಬಳು ಮುತ್ತು. ನಾನು ಜಡೆ ಮುಂದೆ ಹಾಕ್ಕೊಂಡು ಕಾಯ್ತಿದೀನಿ, ನನ್ನದೇನೋ ಅಂತ. ನಾಲ್ಕನೆಯವಳು ಅಂದ್ರು. ಅವತ್ತಿಂದ ಲೆಕ್ಕದ ಕ್ಲಾಸಲ್ಲಿ ಒಂದು, ಎರಡು, ಮೂರು ಅಂತ ಹೇಳಿ, ನಾಲ್ಕರ ಜಾಗದಲ್ಲಿ ಎಲ್ಲ ಸೇರಿ ನನ್ನ ಹೆಸರು ಕೂಗೋರು.”

“ಮೇಷ್ಟ್ರು ಸುಮ್ನಿದ್ರಾ?”

“ಪಾಪ, ಸಮಾಧಾನ ಮಾಡಿದ್ರು. ಬಹಳ ಹಿಂದೆ ಒಬ್ಬ ಸಾಧ್ವಿಗೆ ಇದೇ ಹೆಸರಿತ್ತು, ಆಕೆಯೂ ನಾಲ್ಕನೇ ಮಗಳೇ ಅಂದ್ರು. ಆಕೆ ಸಾಧ್ವಿ ಕಣೆ. ಆಕೇನ ಯಾವ ಹೆಸರಿಂದ ಕರೆದ್ರೂ ನಡೆಯತ್ತೆ. ನನ್ನ ಕರೆದಾಗೆಲ್ಲ, ‘ಇನ್ನೂ ಒಂದು’ ಅಂತ ಕರೆದ ಹಾಗೆ ಕೇಳಿಸೋದು.”

ಆ ಹೆಸರು ಕಿವಿಗೆ ಬೀಳದ ಹಾಗೆ ಅವರು ಬದುಕನ್ನೇ ಜೋಡಿಸಿಕೊಂಡಿದ್ದರು. ಮಕ್ಕಳಿಗೆ ಅಮ್ಮ, ಕೆಲಸದಲ್ಲಿ ದೀಪದಕ್ಕ. ಹೋಟೆಲಿನಲ್ಲಿ ಅಡಿಗೆಯವರಾಗಿದ್ದು ಈಗ ಮನೆಯಲ್ಲೇ ಇರುವ ಗಂಡನಿಗೆ ‘ಇವಳೇ’. “ಊಟಕ್ಕೆ ಕರೀತಾರಲ್ಲ, ಸಾಕು. ಹೆಸರು ಹಿಡಿದು ಕರೆದ್ರೆ ಅನ್ನ ಜಾಸ್ತಿ ಬೀಳತ್ತಾ?” ಎನ್ನುತ್ತಿದ್ದರು.

ಈಗ ನನ್ನ ವಿಷಯ. ಮದುವೆಯಾದ ಮೇಲೆ ಮೂರು ಸಲ ಬಸುರಾಗಿದ್ದೆ, ಮೂರು ಸಲವೂ ಉಳಿಯಲಿಲ್ಲ. ಮೊದಲನೆಯದು ಎರಡು ತಿಂಗಳು, ಎರಡನೆಯದು ಹತ್ತು ವಾರ, ಮೂರನೆಯದು ನಾಲ್ಕೂವರೆ ತಿಂಗಳು. ಮನೆಯಲ್ಲಿ ಯಾರೂ ಕೆಟ್ಟವರಲ್ಲ. ಅತ್ತೆ ನನ್ನ ಪಾದಕ್ಕೆ ಎಣ್ಣೆ ತಿಕ್ಕಿದರು, ಇವರು ರಜೆ ಹಾಕಿ ಪಾತ್ರೆ ತೊಳೆದರು. ಆದರೆ ಎಲ್ಲರದೂ ಒಂದೇ ಮಾತು: “ಆಗಲೇ ಇಲ್ಲ ಅಂದ್ಕೋ. ಮುಂದಿಂದು ನೋಡು.” ಆಗಲೇ ಇಲ್ಲ ಎಂದುಕೊಳ್ಳುವುದು ಹೇಗೆ? ಆಗಿತ್ತಲ್ಲ. ಆ ಮೂರು ತಾರೀಖುಗಳನ್ನು ದಿನಚರಿಯಲ್ಲಿ ಬರೆದಿಟ್ಟೆ. ಬರೆದದ್ದನ್ನು ಓದುವವಳೂ ನಾನೊಬ್ಬಳೇ.

ಮೂರನೆಯ ಸಲ ಕೆಲಸಕ್ಕೆ ಮರಳಿದ ದಿನ ಎಲ್ಲರೂ ನನ್ನ ಹತ್ತಿರ ಹವೆಯ ಬಗ್ಗೆ ಮಾತಾಡಿದರು. ದೀಪದಕ್ಕ ಕುರ್ಚಿ ಎಳೆದು ಕೂರಿಸಿ, ಬಟ್ಟೆಯಿಂದ ಕಣ್ಣೆತ್ತದೆ ಕೇಳಿದರು:

“ಗಂಡಾ, ಹೆಣ್ಣಾ?”

ಆ ಪ್ರಶ್ನೆಯನ್ನು ಬೇರೆ ಯಾರೂ ಕೇಳಿರಲಿಲ್ಲ. “ಗಂಡು ಅಂದ್ರು,” ಎಂದೆ.

“ಹೂಂ,” ಎಂದರು. ಮುಂದಿನ ಬಟ್ಟೆ ಹರಡುತ್ತ, “ಅಳೋದಿದ್ರೆ ಅಳು. ಬಟ್ಟೆ ಮೇಲೆ ಮಾತ್ರ ಬೇಡ, ಮತ್ತೆ ಒಗೀಬೇಕಾಗತ್ತೆ,” ಎಂದರು. ಅಳುತ್ತಲೇ ನಕ್ಕೆ. ಎರಡೂ ಒಟ್ಟಿಗೆ ಬಂತು.

ಮುಂದಿನ ವರ್ಷ ಮತ್ತೆ ಬಸುರಾದೆ. ಹೇಳಲು ಹೆದರಿ ಯಾರಿಗೂ ಹೇಳಿರಲಿಲ್ಲ. ಒಂದು ಬೆಳಿಗ್ಗೆ ಸೂಪರ್‌ವೈಸರ್ ಒದ್ದೆ ಬಟ್ಟೆಯ ಗಾಡಿ ತಳ್ಳಲು ನನ್ನನ್ನು ಕರೆದರು. ದೀಪದಕ್ಕ ಮೇಜಿನಿಂದಲೇ ಕೂಗಿದರು:

“ಈ ಹುಡುಗಿ ಗಾಡಿ ಮುಟ್ಟಿದ್ರೆ ನಾನು ದೀಪ ಆರಿಸಿ ಮನೆಗೆ ಹೋಗ್ತೀನಿ. ಇದು ನಾಲ್ಕನೇ ಮಗು ಅವಳಿಗೆ.”

ಸೂಪರ್‌ವೈಸರ್ ಕಕ್ಕಾಬಿಕ್ಕಿ. “ನಾಲ್ಕನೇದಾ? ಮಕ್ಕಳಿಲ್ಲ ಅಂತ ಅರ್ಜಿಯಲ್ಲಿ ಬರೆದಿದಾರೆ?”

“ಅರ್ಜಿಗೆ ಏನ್ರೀ ಗೊತ್ತು.”

ಅವರಿಗೆ ಹೇಗೆ ಗೊತ್ತಾಯಿತೆಂದು ಕೇಳಬೇಡಿ. ತೂತು ಹುಡುಕುವ ಕಣ್ಣು. ಆದರೆ ನನ್ನೊಳಗೆ ಏನೋ ಕೂತಂತಾದದ್ದು ಆ ‘ನಾಲ್ಕನೇ’ ಎಂಬ ಮಾತಿಗೆ. ಜಗತ್ತಿನಲ್ಲಿ ಒಬ್ಬರು ಎಣಿಸಿದ್ದರು. ಇನ್ನು ಮೇಲೆ ನಾನೊಬ್ಬಳೇ ಎಣಿಸಬೇಕಾಗಿಲ್ಲ. ಆ ದಿನವೇ, ಹೆಣ್ಣಾದರೆ ಹೆಸರು ಇದೇ ಎಂದು ನಿರ್ಧರಿಸಿದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯಬಾರದಂತೆ. ನಾನು ಹೊಲಿದುಬಿಟ್ಟೆ.

ಕೂಸು ಹುಟ್ಟಿತು. ಕುಲಾವಿ ಅತ್ತೆಗೆ ಹಿಡಿಸಲಿಲ್ಲ.

“ಮೊದಲನೇ ಮೊಮ್ಮಗಳು. ರಾಣಿ ಅಂತ ಬರೋ ಹೆಸರು ಹುಡುಕಿ ಇಟ್ಟಿದೀನಿ,” ಎಂದರು. “ನೀನು ನೋಡಿದ್ರೆ ನಾಲ್ಕು ಅಂತೀಯ. ಅರ್ಥ ತಿಳೀದೋರು ಸುಮ್ನಿರ್ತಾರೆ, ಬಿಡು. ತಿಳಿದೋರು ಮಿಕ್ಕ ಮೂರು ಎಲ್ಲಮ್ಮಾ ಅಂತಾರೆ. ಆಗ?”

“ಇದ್ರು ಅಂತೀನಿ.”

“ನೀನು ಅಂತೀಯ. ಆ ಕೂಸು ಏನನ್ನಬೇಕು? ಹೋದವರ ಭಾರಾನೆಲ್ಲ ಇರೋ ಒಬ್ಬಳ ತಲೆ ಮೇಲೆ ಇಡ್ತೀಯಾ?”

ಇವರು ಅಡಕತ್ತರಿಯಲ್ಲಿ ಸಿಕ್ಕ ಅಡಕೆಯ ಹಾಗೆ ಇಬ್ಬರ ಮಧ್ಯೆ ಕೂತು ಮಗುವಿನ ಚಡ್ಡಿ ಮಡಿಸುತ್ತಿದ್ದರು. “ಅಲಾರಂ ಅಂತಲೇ ಇಟ್ಬಿಡೋಣ. ಜಗಳಾನೇ ಇಲ್ಲ,” ಎಂದರು. ಇಬ್ಬರೂ ಒಟ್ಟಿಗೆ ಬೈದೆವು. ಆ ಒಂದು ವಿಷಯದಲ್ಲಿ ಅತ್ತೆಗೂ ನನಗೂ ಒಮ್ಮತ.

ಐದು ದಿನ ಉಳಿದಿದ್ದಾಗ ಮಗುವನ್ನು ಅತ್ತೆಯ ಕೈಗೆ ಕೊಟ್ಟು, ಊಟದ ಹೊತ್ತಿಗೆ ನೆಲಮಾಳಿಗೆಗೆ ಹೋದೆ. ದೀಪದಕ್ಕ ಕೊನೆಯ ಕಟ್ಟು ಮುಗಿಸುತ್ತಿದ್ದರು. ಪಕ್ಕದಲ್ಲಿ ಕೂತು ವಿಷಯ ಹೇಳಿದೆ. ಕಣ್ಣು ತುಂಬಿ ಬರುತ್ತದೆ, ಕೈ ಹಿಡಿದುಕೊಳ್ಳುತ್ತಾರೆ ಎಂದೆಲ್ಲ ದಾರಿಯುದ್ದಕ್ಕೂ ಅಂದುಕೊಂಡಿದ್ದೆ.

“ಬೇಡ,” ಎಂದರು. ತಲೆಯೆತ್ತಲಿಲ್ಲ.

“ಯಾಕಕ್ಕಾ?”

“ಹೆಸರಿಗೇನು ಬರಗಾಲ ಬಂದಿದ್ಯಾ? ಬೆಳಕು ಅಂತಿದೆ, ನೆಮ್ಮದಿ ಅಂತಿದೆ, ಪರಿಮಳ ಅಂತಿದೆ. ಎಲ್ಲ ಬಿಟ್ಟು ಎಳೇ ಕೂಸಿನ ಹಣೆಗೆ ನಂಬರ್ ಅಂಟಿಸ್ತೀಯಾ?”

“ನಂಬರ್ ಅಲ್ಲ, ನಿಮ್ಮ ಹೆಸರು.”

“ನನ್ನ ಮೇಲೆ ಅಷ್ಟು ಪ್ರೀತಿ ಇದ್ರೆ ಒಂದು ಕೇಜಿ ಸೇಬು ತಂದ್ಕೊಡು, ತಿಂತೀನಿ. ಹೆಸರಿನ ತಂಟೆಗೆ ಬರಬೇಡ. ಐವತ್ತಾರು ವರ್ಷ ಆಯ್ತು, ನಾನಿನ್ನೂ ಅದನ್ನ ಮಗುಚಿ ಹಾಕ್ಕೊಂಡು ಓಡಾಡ್ತಿದೀನಿ. ನಿನ್ನ ಮಗಳಿಗೆ ಆ ಗತಿ ಯಾಕೆ?”

ನನಗೆ ಸಿಟ್ಟು ಬಂತು. ಬಾಣಂತಿಯ ಸಿಟ್ಟಿಗೆ ಹಿಂದು ಮುಂದು ಇರುವುದಿಲ್ಲ.

“ನಿಮ್ಮಪ್ಪನಿಗೆ ನೀವು ‘ಇನ್ನೂ ಒಂದು’ ಆಗಿದ್ರಿ ಅಕ್ಕಾ. ನನ್ನ ಮಗಳು ನನಗೆ ‘ಇನ್ನೂ ಒಂದು’ ಅಲ್ಲ. ಇದು ನಾಲ್ಕನೇ ಮಗು ಅಂತ ಕೂಗಿದ್ದು ಯಾರು? ನೀವೇ ತಾನೆ? ಆ ಮೂರನ್ನ ನನ್ನ ಬಿಟ್ಟು ಎಣಿಸಿದ್ದು ನೀವೊಬ್ಬರೇ. ಈಗ ನೀವೂ ಬೇಡ ಅಂದ್ರೆ, ಅವು ಆಗಲೇ ಇಲ್ಲ ಅನ್ನೋರ ಮಾತೇ ಗೆದ್ದ ಹಾಗೆ.”

ದೀಪದಕ್ಕನ ಎಡಗೈ ಬಟ್ಟೆಯ ನಡುವೆ ನಿಂತುಬಿಟ್ಟಿತು. ಮುಂದೆ ಹೋಗಲಿಲ್ಲ, ಹಿಂದೆ ಬರಲಿಲ್ಲ. ಇಸ್ತ್ರಿಯಣ್ಣ ಇಣುಕಿ, “ಏನಕ್ಕಾ, ಒಂದೇ ಬಟ್ಟೆ ಎಷ್ಟೊತ್ತು? ಅದರಲ್ಲೇನು ಪೇಪರ್ ಓದ್ತಿದೀರಾ?” ಎಂದ. ಬೇರೆ ದಿನವಾಗಿದ್ದರೆ ಅವನಿಗೆ ಸರಿಯಾಗಿ ಬೀಳುತ್ತಿತ್ತು. ಅವರು ಮೇಜಿನ ದೀಪ ಆರಿಸಿದರು.

“ಮನೆಗೆ ಹೋಗು. ಮಗೂಗೆ ಹಸಿವಾಗಿರತ್ತೆ.”

ಇಳಿಜಾರು ಹತ್ತುತ್ತ, ಆಯಿತು, ರಾಣಿಯೇ ಇರಲಿ ಎಂದುಕೊಂಡೆ. ಅವರ ನೋವನ್ನು ಕೇಳದೆ ನನ್ನ ನೋವಿಗೆ ಹೆಸರು ಮಾಡಿಕೊಳ್ಳಲು ಹೊರಟಿದ್ದೆನಲ್ಲ ಎಂದು ನಾಚಿಕೆಯೂ ಆಯಿತು. ಮನೆಗೆ ಬಂದು ಮಗುವಿಗೆ ಹಾಲು ಕುಡಿಸಲು ಕೂತೆ, ನನ್ನ ಮುಖ ನೋಡಿಯೇ ಅತ್ತೆಗೆ ಗೊತ್ತಾಯಿತು. ಅವರು ಗೆದ್ದವರ ಹಾಗೆ ಕಾಣದೆ, ಬಿಸಿನೀರು ತಂದಿಟ್ಟು ಹೋದರು.

ಎರಡು ದಿನ ಉಳಿದಿದ್ದಾಗ, ಭಾನುವಾರ ಬೆಳಿಗ್ಗೆ, ಬಾಗಿಲು ಬಡಿದ ಸದ್ದು. ದೀಪದಕ್ಕ. ಟೋಪಿಯಿಲ್ಲದ ಅವರ ಕೂದಲನ್ನು ನಾನು ನೋಡಿದ್ದು ಅವತ್ತೇ, ಪೂರ್ತಿ ಬಿಳಿ. ಕೈ ತೊಳೆದುಕೊಂಡು, ಒರೆಸಿಕೊಂಡು, ಮಗುವನ್ನು ಎತ್ತಿ ಸೀದಾ ಕಿಟಕಿಯ ಹತ್ತಿರ ಹೋದರು. ಬೆಳಕಿಗೆ ಹಿಡಿದು ಒಂದು ಕಿವಿ ನೋಡಿದರು, ಇನ್ನೊಂದು ಕಿವಿ ನೋಡಿದರು, ಬೆರಳುಗಳನ್ನು ಬಿಡಿಸಿದರು. ಎಳೆ ಕಿವಿಯೊಳಗಿಂದ ಬಿಸಿಲು ಕೆಂಪಗೆ ಹಾದು ಬರುತ್ತಿತ್ತು.

“ಏನು ನೋಡ್ತಿದಾರೆ ಇವರು?” ಅತ್ತೆ ನನ್ನ ಕಿವಿಯಲ್ಲಿ ಕೇಳಿದರು.

“ಮಾಲು ಒಳ್ಳೇದಿದೆ,” ಎಂದರು ದೀಪದಕ್ಕ. “ಒಂದು ತೇಪೇನೂ ಬೇಕಾಗಿಲ್ಲ.”

ಅತ್ತೆಗೆ ನಗು ತಡೆಯಲಾಗಲಿಲ್ಲ. ಚಹಾ ತಂದರು. ಚಹಾ ಅರ್ಧವಾದ ಮೇಲೆ ದೀಪದಕ್ಕ ಲೋಟ ಕೆಳಗಿಟ್ಟು, “ಅಮ್ಮಾ, ಇವಳು ಹೇಳಿದ ಹೆಸರು ನಿಮಗೆ ಇಷ್ಟ ಇಲ್ಲ. ನನಗೂ ಇರಲಿಲ್ಲ. ಬೇಡ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿ ಕಳಿಸಿದೆ,” ಎಂದರು.

“ನೋಡು! ಹೆಸರಿನವರೇ ಬೇಡ ಅಂತಿದಾರೆ.”

“ತಡೀರಿ. ಆಮೇಲೆ ಯೋಚನೆ ಮಾಡಿದೆ. ನನಗೆ ಹೆಸರಿಂದ ಕೆಟ್ಟದಾಗಲಿಲ್ಲ, ಅದರ ಅರ್ಥ ಮನೇಲಿ ಹೇಳೋರು ಇರಲಿಲ್ಲ. ಅಪ್ಪ ಹೇಳಲಿಲ್ಲ, ಅಮ್ಮ ಹೇಳಲಿಲ್ಲ. ಹೊರಗಿನವರ ಬಾಯಲ್ಲಿ ಕೇಳಿದೆ, ಎಲ್ಲರ ಮುಂದೆ. ಅದಕ್ಕೇ ಇವಳನ್ನ ಒಂದು ಕೇಳೋಕೆ ಬಂದಿದೀನಿ.” ನನ್ನ ಕಡೆ ತಿರುಗಿದರು. ಮೇಜಿನ ಪಕ್ಕ ಕೂರಿಸಿಕೊಂಡು ಕಲಿಸುವಾಗಿನ ಅದೇ ದನಿ. “ನಾನು ನಿನ್ನ ಮಗಳು. ಒಂಬತ್ತು ವರ್ಷ. ಅಮ್ಮಾ, ನನ್ನ ಹೆಸರಿಗೆ ಅರ್ಥ ಏನು? ಹೇಳು. ಅಳದೆ ಹೇಳು. ಹೇಳೋಕೆ ಬಂದ್ರೆ ಇಡು. ಬರಲಿಲ್ಲ ಅಂದ್ರೆ ನಿಮ್ಮತ್ತೆ ಹೇಳಿದ ಹೆಸರಿಡು.”

ನಾನು ಬಾಯಿ ತೆರೆದೆ. “ನಿನಗಿಂತ ಮುಂಚೆ ಮೂವರು...” ಎನ್ನುವಷ್ಟರಲ್ಲಿ ಕಣ್ಣು ಒರೆಸಿಕೊಳ್ಳಬೇಕಾಯಿತು.

“ನೋಡಿ, ಇದಕ್ಕೇ ನಾನು ಬೇಡ ಅಂದಿದ್ದು,” ಎಂದರು ಅತ್ತೆ.

“ಇನ್ನೊಂದು ಸಲ,” ಎಂದರು ದೀಪದಕ್ಕ.

“ನಿನಗಿಂತ ಮುಂಚೆ ಮೂವರು ಬಂದಿದ್ರು. ಅವರು ಉಳಿಯಲಿಲ್ಲ. ನೀನು ಉಳಿದೆ...”

“ಉಳಿದೆ ಅನ್ನಬೇಡ,” ಅತ್ತೆ ತಡೆದರು. “ಮಗು ಹೆದರ್ಕೊಳ್ಳತ್ತೆ. ಏನೋ ಗಂಡಾಂತರದಿಂದ ತಪ್ಪಿಸ್ಕೊಂಡ ಹಾಗೆ.”

“ಸರಿ. ನೀನು ಅವರ ಬದಲು...”

“ಅಯ್ಯೋ, ಬದಲು ಅಂತಾರಾ! ಬದಲು ಅಂದ್ರೆ ಅದು ಏನಂದ್ಕೊಳ್ಳತ್ತೆ? ಅವರಿದ್ದಿದ್ರೆ ನಾನು ಬೇಡವಾಗಿದ್ದೆ ಅಂತ ತಾನೆ?”

“ಹಾಗಾದ್ರೆ ನೀವೇ ಹೇಳಿ,” ಎಂದೆ. ಸಿಟ್ಟಿನಲ್ಲೇ ಎಂದೆ.

“ಹೇಳೋದೇನು ಮಹಾ.” ಅತ್ತೆ ದೀಪದಕ್ಕನ ಮಡಿಲಿನಿಂದ ಮಗುವನ್ನು ತೆಗೆದುಕೊಂಡರು. ಅದರ ಮುಖಕ್ಕೆ ಮುಖ ತಂದು, ಅಕ್ಕಿ ಬೇಳೆಯ ವಿಷಯ ಹೇಳುವಷ್ಟು ಸಲೀಸಾಗಿ ಹೇಳಿದರು: “ನೋಡು ಚಿನ್ನಿ, ನಿಮ್ಮಮ್ಮಂಗೆ ನಾಲ್ಕು ಮಕ್ಕಳು. ಮೂವರ ಮುಖ ನಾವು ನೋಡಲಿಲ್ಲ. ನಿನ್ನದು ನೋಡಿದ್ವಿ. ನೀನು ನಾಲ್ಕನೆಯವಳು. ಅಷ್ಟೇ.”

ಒಳಗೆ ನಲ್ಲಿಯ ಸದ್ದು ನಿಂತಿತು. ಪಾತ್ರೆ ತೊಳೆಯುತ್ತಿದ್ದ ಇವರು ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು ನಿಂತರು. ನಾಲ್ಕು ಮಕ್ಕಳು. ಐದು ವರ್ಷದಲ್ಲಿ ನಮ್ಮ ಮನೆಯಲ್ಲಿ ಆ ಮಾತನ್ನು ಯಾರೂ ಆಡಿರಲಿಲ್ಲ. ತಾವು ಏನು ಹೇಳಿದೆವೆಂದು ಅತ್ತೆಗೆ ಆಮೇಲೆ ಹೊಳೆಯಿತೇನೋ, ಮಗುವಿನ ಬಟ್ಟೆಯನ್ನು ಸುಮ್ಮನೆ ಸರಿಮಾಡತೊಡಗಿದರು.

“ಅಳು ಬಂತಾ?” ದೀಪದಕ್ಕ ಕೇಳಿದರು.

“ಯಾಕೆ ಬರಬೇಕು? ಇದ್ದದ್ದು ಹೇಳಿದೆ.” ಅತ್ತೆ ಮೂಗು ಒರೆಸಿಕೊಂಡರು. “ಇದಕ್ಕೆ ಶೀತ ಅಂತಾರೆ.”

“ಹೀಗೆ ಹೇಳೋರು ಮನೇಲಿದ್ರೆ ಯಾವ ಹೆಸರಾದ್ರೂ ಇಡಬಹುದು,” ಎಂದು ದೀಪದಕ್ಕ ಎದ್ದರು. “ನನ್ನದೇನೂ ಅಡ್ಡಿಯಿಲ್ಲ.”

ಮರುದಿನ ನೋಂದಣಿ ಕಚೇರಿಗೆ ಹೋದೆವು. ಗುಮಾಸ್ತರು ಅರ್ಜಿ ತುಂಬಿಸುತ್ತ, “ಎಷ್ಟನೇ ಮಗು?” ಎಂದರು. ನಾನು ಅತ್ತೆಯತ್ತ ತಿರುಗಿದೆ.

“ಬದುಕಿರೋದ್ರಲ್ಲಿ ಮೊದಲನೇದು,” ಎಂದರು ಅತ್ತೆ.

“ಅಷ್ಟೆಲ್ಲ ಬರೆಯೋಕೆ ಜಾಗ ಇಲ್ಲಮ್ಮ ಇಲ್ಲಿ. ಒಂದೇ ಅಂಕಿ.”

“ಹಾಗಾದ್ರೆ ಒಂದು ಅಂತ ಬರ್ಕೊಳ್ಳಿ. ನಾಲ್ಕು ಹೆಸರಲ್ಲಿ ಬರತ್ತೆ.”

ಗುಮಾಸ್ತರು ಕನ್ನಡಕದ ಮೇಲಿನಿಂದ ಅತ್ತೆಯನ್ನು ಒಮ್ಮೆ ನೋಡಿ, ನಮ್ಮ ಹಿಂದೆ ನಿಂತವರ ಸಾಲಿನ ಉದ್ದವನ್ನು ಒಮ್ಮೆ ನೋಡಿ, ಕೇಳಿದ್ದನ್ನು ಬರೆದುಕೊಂಡರು.

ಅಲ್ಲಿಂದ ಸೀದಾ ನೆಲಮಾಳಿಗೆಗೆ ಹೋದೆ. ಮಗುವನ್ನು ಒಳಗೆ ಒಯ್ಯುವಂತಿಲ್ಲ, ಹಬೆ ಮತ್ತು ರಸಾಯನ. ಅತ್ತೆ ಅವಳನ್ನು ಎತ್ತಿಕೊಂಡು ಇಳಿಜಾರಿನ ಮೇಲೇ ನಿಂತರು. ನಾನು ಕೊನೆಯ ಕೋಣೆಯ ಬಾಗಿಲಿಗೆ ಹೋದಾಗ ಇಸ್ತ್ರಿಯಣ್ಣ ಬಟ್ಟೆಯ ಕಟ್ಟು ಇಳಿಸುತ್ತಿದ್ದ.

“ಬಂದ್ರಾ ಬಾಣಂತಿಯಮ್ಮ! ಏನು ಹೆಸರಿಟ್ರಿ?”

ನಾನು ಬಾಯಿ ತೆರೆಯುವ ಮೊದಲೇ ದೀಪದಕ್ಕ ಹೇಳಿದರು. “ರಾಬಿಯಾ.”

ಅವರ ಬಾಯಲ್ಲಿ ಆ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು.

“ಚೆನ್ನಾಗಿದೆ. ಏನು ಅರ್ಥ?”

“ನಾಲ್ಕನೆಯವಳು ಅಂತ. ಮುಂಚೆ ಮೂವರಿದ್ರು.”

ಇಸ್ತ್ರಿಯಣ್ಣ ನನ್ನತ್ತ ನೋಡಿದ. ತಲೆಯಾಡಿಸಿ, ದನಿ ತಗ್ಗಿಸಿ, “ಎಲ್ಲಿ ಹುಡುಕಿದ್ರಿ ಇಂಥ ಹೆಸರು?” ಎಂದ.

“ಎಲ್ಲೂ ಹುಡುಕಲಿಲ್ಲ, ನನ್ನದೇ,” ಎಂದರು ದೀಪದಕ್ಕ.

“ನಿಮ್ಮದಾ! ಹನ್ನೆರಡು ವರ್ಷದಿಂದ ಒಂದೇ ಛಾವಣಿ ಕೆಳಗಿದೀವಿ, ಒಂದು ದಿನ ಹೇಳಲಿಲ್ಲವಲ್ಲ ಅಕ್ಕಾ. ಹಾಗಾದ್ರೆ ನಿಮಗೂ ಮುಂಚೆ ಮೂವರಾ?”

“ಹೂಂ. ಮೂವರು ಅಕ್ಕಂದಿರು ನನಗೆ,” ಎಂದರು. ಆ ಮಾತು ತಮಗೇ ಹೊಸದೆನ್ನುವ ಹಾಗೆ ಹೇಳುತ್ತ ಹೋದರು. ದೊಡ್ಡವಳು ಜಡೆ ಹಾಕುವಾಗ ಒಂದು ಕೂದಲೂ ಜಗ್ಗುತ್ತಿರಲಿಲ್ಲವಂತೆ. ಎರಡನೆಯವಳು ಮಳೆ ಬಂದರೆ ಇವರನ್ನು ಬೆನ್ನ ಮೇಲೆ ಹೊತ್ತುಕೊಂಡು ಶಾಲೆ ಮುಟ್ಟಿಸುತ್ತಿದ್ದಳಂತೆ. ಮೂರನೆಯವಳು ಲೆಕ್ಕದ ಕ್ಲಾಸಿನಲ್ಲಿ ಹೆಸರು ಕೂಗಿದ ಹುಡುಗನ ಚೀಲವನ್ನು ಬಾವಿಗೆ ಎಸೆದು, ಮೇಷ್ಟ್ರ ಮುಂದೆ ಕೈಯೊಡ್ಡಿ ನಿಂತು ಏಟು ತಿಂದಳಂತೆ. ಇಸ್ತ್ರಿಯಣ್ಣ ಕಟ್ಟಿನ ಮೇಲೆಯೇ ಕೂತುಬಿಟ್ಟ. ಮೇಜಿನ ದೀಪ ಉರಿಯುತ್ತಿತ್ತು, ಗಾಜಿನ ಮೇಲೆ ಬಟ್ಟೆಯೇ ಇರಲಿಲ್ಲ. ಅವರು ಇನ್ನೂ ಮೂರನೆಯ ಅಕ್ಕನ ಕತೆಯಲ್ಲೇ ಇದ್ದರು.